ಸಾವಿರ ಮಂದಿ ಓದುವ ಕಡತ

ಪಂಚಾಂಗವನ್ನು ಜೋಯಿಸರು ವರ್ಷಕ್ಕೊಮ್ಮೆ ಗುಣಿಸಿ ಬರೆಯುತ್ತಾರೆ. ಮನೆಯವರು ಅದನ್ನು ದಿನವೂ ನೋಡುತ್ತಾರೆ. ಹೊಲದ ಪಹಣಿಯಲ್ಲಿ ಒಡೆಯನ ಹೆಸರು ಬದಲಾಗುವುದು ಒಂದು ತಲೆಮಾರಿಗೆ ಒಂದೆರಡು ಸಲ; ಬೆಳೆಸಾಲಕ್ಕೆ, ವಿಮೆಗೆ, ಪಾಲುಪಟ್ಟಿಗೆ, ವ್ಯಾಜ್ಯಕ್ಕೆ ಎಂದು ಅದನ್ನು ತೆಗೆದು ಓದುವುದು ವರ್ಷಂಪ್ರತಿ ಹಲವು ಸಲ. ರೈಲಿನ ವೇಳಾಪಟ್ಟಿ, ನಿಘಂಟು, ಅಂಗಡಿಯ ದರಪಟ್ಟಿ ಮೊದಲಾದವೂ ಇದೇ ಜಾತಿಗೆ ಸೇರಿದವು. ಒಬ್ಬನು ಬರೆದು ಸಾವಿರ ಮಂದಿ ಓದತಕ್ಕ ಕಡತಗಳೆಂದು ಇವುಗಳನ್ನು ಕರೆಯಬಹುದು.

ಇಂಥ ಕಡತಗಳು ಈಗ ಬಹುಮಟ್ಟಿಗೆ ಕಾಗದವನ್ನು ಬಿಟ್ಟು ಕಂಪ್ಯೂಟರಿನ ಡೇಟಾಬೇಸನ್ನು ಸೇರಿವೆ. ನಾವು ಅವನ್ನು ಫೋನಿನ ಪರದೆಯ ಮೇಲೆ ಓದುತ್ತೇವೆ. ಡೇಟಾಬೇಸಿನ ತಳದಲ್ಲಿ ಒಂದು ಭಾಗವುಂಟು. ಬರಹವನ್ನು ಡಿಸ್ಕಿನ ಮೇಲೆ ಯಾವ ಕ್ರಮದಲ್ಲಿ ಇಡಬೇಕು, ಕೇಳಿದಾಗ ಎಲ್ಲಿಂದ ಹುಡುಕಿ ತೆಗೆಯಬೇಕು, ಇಬ್ಬರು ಒಮ್ಮೆಗೇ ಬಂದರೆ ಯಾರನ್ನು ನಿಲ್ಲಿಸಬೇಕು ಎಂಬುದೆಲ್ಲ ಅದರ ಕೆಲಸ. ದೊಡ್ಡ ಮನೆಯ ಉಗ್ರಾಣಕ್ಕೆ ಉಗ್ರಾಣಿಕನು ಹೇಗೋ ಡೇಟಾಬೇಸಿಗೆ ಇದು ಹಾಗೆ. ಕಸುಬಿನವರು ಇದನ್ನು ಸ್ಟೋರೇಜ್ ಎಂಜಿನ್ ಎನ್ನುವರು. ಇಂಥ ಎಂಜಿನುಗಳು ಹಲವಿವೆ. ಒಂದೊಂದರ ಪದ್ಧತಿ ಒಂದೊಂದು. ಓದು ಹೆಚ್ಚಾಗಿ ಬರಹ ಕಡಿಮೆಯಾಗಿರುವ ಕಡತಕ್ಕೆ ಯಾವುದು ತಕ್ಕುದು ಎಂಬುದನ್ನು ಈ ಲೇಖನದಲ್ಲಿ ವಿಚಾರಿಸುವೆವು.

ಗೃಹಸ್ಥರಿಗೆ ಈ ವಿಚಾರವೇಕೆ ಎಂದು ವಾಚಕರು ಕೇಳಬಹುದು. ಮನೆಯ ಮಗನೋ ಮಗಳೋ ಸೊಸೆಯೋ ವೈಟ್‌ಫೀಲ್ಡಿಗೆ ಅಥವಾ ಎಲೆಕ್ಟ್ರಾನಿಕ್ ಸಿಟಿಗೆ ಕೆಲಸಕ್ಕೆ ಹೋಗುವ ಸಂಸಾರಗಳು ಈಗ ಅನೇಕ. ಪೀಣ್ಯದಲ್ಲಿ ಸಣ್ಣ ಕಾರಖಾನೆಯನ್ನು ನಡೆಯಿಸುವವರೂ ತಮ್ಮ ಸರಕಿನ ಪಟ್ಟಿಗೆ ಒಂದು ಜಾಲತಾಣವನ್ನು ಮಾಡಿಸುತ್ತಿದ್ದಾರೆ. ಇವೆಲ್ಲಕ್ಕಿಂತ ಮುಖ್ಯವಾಗಿ, ನಮ್ಮ ಆಸ್ತಿಯ ಹಕ್ಕು ಇಂಥ ಕಡತದಲ್ಲಿಯೇ ಇದೆ. ಅದನ್ನು ಕಾಯುವ ಉಗ್ರಾಣಿಕನ ಗುಣದೋಷಗಳನ್ನು ಅರಿತಿರುವುದು ಮನೆಯ ಯಜಮಾನನಿಗೂ ಯಜಮಾನಿಗೂ ಉಪಯುಕ್ತವಲ್ಲವೆ?

ಪಹಣಿಯ ದೃಷ್ಟಾಂತ

ಇಂದು ಈ ಕಸುಬಿನ ಬೀಡಾಗಿರುವ ನೆಲವೂ ಹಿಂದೆ ಹೊಲಗದ್ದೆಗಳೇ ಆಗಿದ್ದು, ಕಂದಾಯದ ಪುಸ್ತಕದಲ್ಲಿ ಒಂದೊಂದು ಸಾಲಾಗಿದ್ದಿತು. ವೈಟ್‌ಫೀಲ್ಡು ೧೮೮೨ರಲ್ಲಿ ಮೈಸೂರಿನ ಮಹಾರಾಜರಾದ ಚಾಮರಾಜ ಒಡೆಯರವರು ಆಂಗ್ಲೋ-ಇಂಡಿಯನ್ ಸಂಘಕ್ಕೆ ಕೊಟ್ಟ ಭೂಮಿಯಲ್ಲಿ ಬೇಸಾಯದ ವಸತಿಯಾಗಿ ಹುಟ್ಟಿತು. ಎಲೆಕ್ಟ್ರಾನಿಕ್ ಸಿಟಿಯನ್ನು ೧೯೭೮ರಲ್ಲಿ ಕಿಯೋನಿಕ್ಸ್ ಸಂಸ್ಥೆಯು ಆರ್. ಕೆ. ಬಾಳಿಗರವರ ಸಂಕಲ್ಪದಂತೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಎಂಬ ಗ್ರಾಮಗಳ ೩೩೨ ಎಕರೆಯಲ್ಲಿ ಸ್ಥಾಪಿಸಿತು. ರಾಗಿ ಬೆಳೆಯುತ್ತಿದ್ದ ಸರ್ವೆ ನಂಬರುಗಳ ಮೇಲೆ ಗಾಜಿನ ಕಟ್ಟಡಗಳೆದ್ದವು. ಆ ನಂಬರುಗಳ ಬೆಲೆ ಏರಿದಷ್ಟೂ ಅವುಗಳ ಕಡತವನ್ನು ನೋಡಬಯಸುವವರ ಸಂಖ್ಯೆಯೂ ಏರಿತು.

ಕರ್ನಾಟಕ ಸರಕಾರವು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ಕಾರ್ಯಕ್ಕೆ ‘ಭೂಮಿ’ ಎಂದು ಹೆಸರು. ರಾಜೀವ್ ಚಾವ್ಲಾ ಎಂಬ ಅಧಿಕಾರಿಗಳ ಮುಂದಾಳುತನದಲ್ಲಿ, ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದವರು ಸಿದ್ಧಪಡಿಸಿದ ತಂತ್ರಾಂಶದ ಸಹಾಯದಿಂದ, ಈ ಶತಮಾನದ ಆರಂಭದ ವರ್ಷಗಳಲ್ಲಿ ಅದು ರಾಜ್ಯದ ತಾಲ್ಲೂಕುಗಳನ್ನೆಲ್ಲ ವ್ಯಾಪಿಸಿತು. ಸುಮಾರು ೯,೦೦೦ ಗ್ರಾಮಲೆಕ್ಕಿಗರ ಕೈಬರಹದಲ್ಲಿದ್ದ, ಸುಮಾರು ೬೭ ಲಕ್ಷ ಹಿಡುವಳಿದಾರರ ಸುಮಾರು ೨ ಕೋಟಿ ಪಹಣಿಗಳು ಹೀಗೆ ಡೇಟಾಬೇಸಾದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಆಗ ೧೫ ರೂಪಾಯಿ ಕೊಟ್ಟರೆ ಪಹಣಿಯ ಪ್ರತಿಯು ಕೈಗೆ ಬರುತ್ತಿದ್ದಿತು. ಓದಲು ಯಾರಿಗೂ ತಡೆಯಿಲ್ಲ. ತಿದ್ದಬೇಕಾದರೆ ಮಾತ್ರ ಹಕ್ಕು ಬದಲಾವಣೆಯ ಕ್ರಮವೆಲ್ಲ ನಡೆದು, ಅಧಿಕಾರಿಯು ಯಂತ್ರದ ಮೇಲೆ ಬೆರಳಚ್ಚನ್ನೊತ್ತಿ ತನ್ನ ಗುರುತನ್ನು ಸಾಬೀತುಪಡಿಸಬೇಕು. ಓದಿನ ಬಾಗಿಲು ಅಗಲ, ಬರಹದ ಬಾಗಿಲು ಕಿರಿದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕದು.

ಆದಕಾರಣ ಮುಂದಿನ ವಿಚಾರಕ್ಕೆಲ್ಲ ಪಹಣಿಯನ್ನೇ ದೃಷ್ಟಾಂತವಾಗಿ ಇಟ್ಟುಕೊಳ್ಳುವೆವು. ಇಲ್ಲಿ ವರ್ಣಿಸುವ ಎಂಜಿನುಗಳು ‘ಭೂಮಿ’ಯೊಳಗೆ ಇವೆಯೆಂದು ಇದರ ಅರ್ಥವಲ್ಲ; ವಾಚಕರಿಗೆ ಪರಿಚಿತವಾದ ಕಾಗದದ ಮೂಲಕ ಅಪರಿಚಿತವಾದ ಯಂತ್ರವನ್ನು ತಿಳಿಸುವುದೇ ಉದ್ದೇಶ.

ಮೂರು ಹಾಳೆಗಳಲ್ಲಿ ಎರಡು ಕೋಟಿ

ಎರಡು ಕೋಟಿ ಹಾಳೆಗಳ ರಾಶಿಯಲ್ಲಿ ಒಂದನ್ನು ಮೊದಲಿನಿಂದ ಹುಡುಕುತ್ತ ಹೋದರೆ ದಿನ ಸಾಲದು. ನಿಘಂಟಿನಲ್ಲಿ ಪದವನ್ನು ಹುಡುಕುವವನು ಮೊದಲು ಅಕ್ಷರವನ್ನೂ ಬಳಿಕ ಪುಟವನ್ನೂ ಕೊನೆಗೆ ಸಾಲನ್ನೂ ಹಿಡಿಯುವನಷ್ಟೆ. ಇದೇ ನ್ಯಾಯವನ್ನು ಡಿಸ್ಕಿಗೆ ಹೊಂದಿಸಿ, ಬೋಯಿಂಗ್ ಸಂಸ್ಥೆಯಲ್ಲಿದ್ದ ರುಡೋಲ್ಫ್ ಬಾಯರ್, ಎಡ್ವರ್ಡ್ ಮೆಕ್‌ಕ್ರೈಟ್ ಎಂಬಿಬ್ಬರು ೧೯೭೦ರಲ್ಲಿ ಒಂದು ರಚನೆಯನ್ನು ಕಲ್ಪಿಸಿದರು. ಇದಕ್ಕೆ ಬಿ-ಟ್ರೀ ಎಂದು ಹೆಸರು. ಬೇರಿನ ಹಾಳೆಯಲ್ಲಿ ಕೊಂಬೆಗಳ ವಿಳಾಸ, ಕೊಂಬೆಯ ಹಾಳೆಯಲ್ಲಿ ಎಲೆಗಳ ವಿಳಾಸ, ಎಲೆಯ ಹಾಳೆಯಲ್ಲಿ ನಿಜವಾದ ದಾಖಲೆ. ಇದು ಅದರ ಸ್ವರೂಪ.

ಇದರ ಶಕ್ತಿಯನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಮೈಎಸ್‌ಕ್ಯೂಎಲ್ ಎಂಬ ಪ್ರಸಿದ್ಧ ಡೇಟಾಬೇಸಿನ ಇನ್ನೋಡಿಬಿ ಎಂಜಿನು ಬಳಸುವ ಹಾಳೆಯ ಸಾಮಾನ್ಯ ಅಳತೆ ೧೬ ಕಿಲೋಬೈಟು, ಅಂದರೆ ೧೬,೩೮೪ ಬೈಟು. ಒಂದು ವಿಳಾಸಕ್ಕೆ ೧೪ ಬೈಟು ಹಿಡಿಯುವುದೆಂದಿಟ್ಟುಕೊಂಡರೆ ಒಂದು ಹಾಳೆಯಲ್ಲಿ ೧,೧೭೦ ವಿಳಾಸಗಳು ಹಿಡಿಸುವುವು. ಬೇರಿನ ಒಂದು ಹಾಳೆಯಿಂದ ೧,೧೭೦ ಕೊಂಬೆಗಳು. ಅವುಗಳಿಂದ ೧,೧೭೦ರ ೧,೧೭೦ ಪಟ್ಟು, ಎಂದರೆ ೧೩,೬೮,೯೦೦ ಎಲೆಗಳು. ಒಂದು ದಾಖಲೆಗೆ ಒಂದು ಕಿಲೋಬೈಟಿನಂತೆ ಎಲೆಯೊಂದಕ್ಕೆ ೧೬ ದಾಖಲೆಗಳಾದರೆ ಒಟ್ಟು ೨ ಕೋಟಿ ೧೯ ಲಕ್ಷವಾಯಿತು. ರಾಜ್ಯದ ಪಹಣಿಗಳಷ್ಟನ್ನೂ ಮೂರು ಮೆಟ್ಟಲಿನ ಮರದಲ್ಲಿ ಜೋಡಿಸಬಹುದು. ಯಾವ ಪಹಣಿಯನ್ನೇ ಕೇಳಲಿ, ಮೂರು ಹಾಳೆಗಳನ್ನು ತೆರೆದರೆ ಸಾಕು! ನಿಜವಾದ ಕಡತಗಳಲ್ಲಿ ಹಾಳೆಗಳು ಪೂರ್ತಿ ತುಂಬಿರುವುದಿಲ್ಲವಾದಕಾರಣ ಒಂದು ಮೆಟ್ಟಲು ಹೆಚ್ಚಾದರೂ ಆಗಬಹುದು. ಅದಕ್ಕಿಂತ ಹೆಚ್ಚಿನ ವ್ಯತ್ಯಾಸವಿಲ್ಲ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಬೇರೂ ಕೊಂಬೆಗಳೂ ಸೇರಿ ೧,೧೭೧ ಹಾಳೆಗಳು. ಅವೆಲ್ಲ ೧೯ ಮೆಗಾಬೈಟಿಗೂ ಕಡಿಮೆ. ಇಷ್ಟನ್ನು ಕಂಪ್ಯೂಟರು ಸದಾ ತನ್ನ ಸ್ಮೃತಿಯಲ್ಲಿಯೇ ಇಟ್ಟುಕೊಂಡಿರಬಲ್ಲದು. ಆಗ ಡಿಸ್ಕಿಗೆ ಹೋಗಬೇಕಾದದ್ದು ಎಲೆಯ ಹಾಳೆಗೆ ಒಂದೇ ಸಲ. ತಿರುಗುವ ಡಿಸ್ಕಾದರೆ ಇಂಥ ಬಿಡಿಬಿಡಿ ಓದುಗಳನ್ನು ಸೆಕೆಂಡಿಗೆ ನೂರರ ಆಚೀಚೆ ಮಾತ್ರ ಮಾಡೀತು. ನಿಮಿಷಕ್ಕೆ ೭,೨೦೦ ಸುತ್ತು ತಿರುಗಿದರೂ ಒಂದು ಸುತ್ತಿಗೆ ಸೆಕೆಂಡಿನ ಸಾವಿರದಲ್ಲಿ ಎಂಟು ಪಾಲು ಕಳೆಯುವುದೇ ಇದಕ್ಕೆ ಕಾರಣ. ಈಗಿನ ತಿರುಗದ ಎಸ್‌ಎಸ್‌ಡಿಗಳು ಇದರ ನೂರಾರು ಪಟ್ಟು ವೇಗದವು. ಸ್ಮೃತಿಯಾದರೋ ಅದನ್ನೂ ಮೀರಿದ್ದು. ಎರಡು ಕೋಟಿ ಕಿಲೋಬೈಟೆಂದರೆ ೨೦ ಗಿಗಾಬೈಟಿನಷ್ಟೆ. ಇಂದಿನ ಸಾಧಾರಣ ಸರ್ವರೊಂದರ ಸ್ಮೃತಿಯಲ್ಲಿ ಅದೆಲ್ಲವೂ ಹಿಡಿಸುತ್ತದೆ. ಕಡತವೆಲ್ಲವೂ ಸ್ಮೃತಿಯಲ್ಲಿ ನಿಂತ ಮೇಲೆ ಓದಿನ ವೇಗದಲ್ಲಿ ಎಂಜಿನು ಎಂಜಿನಿಗೂ ಇರುವ ಭೇದವು ಬಹಳ ಕುಗ್ಗುವುದು. ಓದಿನ ವೇಗವನ್ನೇ ಮುಂದಿಟ್ಟುಕೊಂಡು ವಾದಿಸುವವರು ಈ ಮಾತನ್ನು ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕಿರ್ದಿಯ ಪದ್ಧತಿ

ಎರಡನೆಯ ಪದ್ಧತಿಯೊಂದುಂಟು, ಅದು ನಮ್ಮ ವರ್ತಕರಿಗೆ ಹಳೆಯದು. ಅಂಗಡಿಯಲ್ಲಿ ವ್ಯಾಪಾರದ ಭರದಲ್ಲಿ ಯಾರೂ ಖಾತೆಪುಸ್ತಕವನ್ನು ತಿರುವುತ್ತ ಕುಳ್ಳಿರರು. ಬಂದದ್ದನ್ನು ಬಂದ ಹಾಗೆ ಕಿರ್ದಿಯಲ್ಲಿ ಬರೆದುಕೊಂಡು, ಬಿಡುವಾದಾಗ ಅದನ್ನು ಆಯಾ ಖಾತೆಗೆ ಏರಿಸುವರು. ಪ್ಯಾಟ್ರಿಕ್ ಓನೀಲ್ ಮೊದಲಾದವರು ೧೯೯೬ರಲ್ಲಿ ಪ್ರಕಟಿಸಿದ ಎಲ್‌ಎಸ್‌ಎಂ ಎಂಬ ರಚನೆಯು ಹೆಚ್ಚುಕಡಿಮೆ ಇದೇ. ಹೊಸ ಬರಹವನ್ನು ಸ್ಮೃತಿಯಲ್ಲಿ ಕೂಡಿಸಿ, ತುಂಬಿದಾಗ ಕ್ರಮಗೊಳಿಸಿ ಒಂದು ಕಟ್ಟಾಗಿ ಡಿಸ್ಕಿಗಿಳಿಸಿ, ಹಿಂದಿನ ಕಟ್ಟುಗಳೊಡನೆ ಆಗಾಗ ಬೆರೆಸುತ್ತಾರೆ. ಗೂಗಲಿನವರ ಲೆವೆಲ್‌ಡಿಬಿ, ಫೇಸ್‌ಬುಕ್ಕಿನವರು ೨೦೧೨ರಲ್ಲಿ ಅದರಿಂದ ಬೆಳೆಯಿಸಿದ ರಾಕ್ಸ್‌ಡಿಬಿ ಇವು ಈ ವಂಶದವು.

ಕಿರ್ದಿಯಲ್ಲಿ ಬರೆಯುವುದು ಸುಲಭ. ಓದುವುದು ತುಸು ಕಷ್ಟ. ಒಬ್ಬ ಗಿರಾಕಿಯ ಬಾಕಿಯನ್ನು ಹೇಳಬೇಕಾದರೆ ಇಂದಿನ ಕಿರ್ದಿ, ನಿನ್ನೆಯದು, ಖಾತೆ ಎಂದು ಹಲವು ಕಟ್ಟುಗಳನ್ನು ನೋಡಬೇಕಾದೀತು. ಈ ಕಷ್ಟವನ್ನು ತಗ್ಗಿಸಲು ೧೯೭೦ರಲ್ಲಿ ಬರ್ಟನ್ ಬ್ಲೂಮ್ ಎಂಬವರು ಕಂಡುಹಿಡಿದ ಒಂದು ಜರಡಿಯನ್ನು ಕಟ್ಟುಕಟ್ಟಿಗೂ ಇಟ್ಟಿರುತ್ತಾರೆ. ‘ಈ ಕಟ್ಟಿನಲ್ಲಿ ಇಲ್ಲ’ ಎಂದು ಅದು ಹೇಳಿದರೆ ನಿಶ್ಚಯವಾಗಿ ಇಲ್ಲ. ‘ಇದೆ’ ಎಂದರೆ ಇರಲೂಬಹುದು, ಇಲ್ಲದಿರಲೂಬಹುದು. ಇದರಿಂದ ವ್ಯರ್ಥವಾದ ಹುಡುಕಾಟ ಬಹಳ ಕಡಿಮೆಯಾಗುವುದು. ಆದರೆ ಬಿ-ಟ್ರೀಯ ನೇರದಾರಿಯು ದೊರೆಯದು.

ಪೀಣ್ಯದ ಒಂದು ಕಾರಖಾನೆಯಲ್ಲಿ ಕುಲುಮೆಗಳ ಉಷ್ಣವನ್ನೂ ಲೇತುಗಳ ಅದುರುವಿಕೆಯನ್ನೂ ಸೆಕೆಂಡಿಗೊಮ್ಮೆ ಬರೆದಿಡಬೇಕೆನ್ನಿ. ಒಂದು ಯಂತ್ರಕ್ಕೆ ದಿನಕ್ಕೆ ೮೬,೪೦೦ ಬರಹಗಳು. ಅವುಗಳನ್ನು ಓದುವುದು ಏನಾದರೂ ಕೆಟ್ಟಾಗ ಮಾತ್ರ. ಅಲ್ಲಿ ಕಿರ್ದಿಯ ಪದ್ಧತಿಯೇ ಸರಿ. ಅದೇ ಕಾರಖಾನೆಯವರು ತಾವು ಮಾಡುವ ಬೋಲ್ಟು ಬೇರಿಂಗುಗಳ ಪಟ್ಟಿಯನ್ನು ಗಿರಾಕಿಗಳು ನೋಡಲೆಂದು ಜಾಲತಾಣದಲ್ಲಿಟ್ಟರೆ, ಅಲ್ಲಿ ಖಾತೆಯ ಪದ್ಧತಿ, ಎಂದರೆ ಬಿ-ಟ್ರೀ, ಸರಿ. ಒಂದೇ ಛಾವಣಿಯ ಕೆಳಗೆ ಎರಡು ಕಡತಗಳಿಗೆ ಎರಡು ಎಂಜಿನುಗಳು ಬೇಕಾಗಬಹುದೆಂಬುದನ್ನು ಇದರಿಂದ ತಿಳಿಯಬಹುದಾಗಿದೆ.

ಇವೆರಡೂ ಅಲ್ಲದ ಮೂರನೆಯ ಬಗೆಯೂ ಒಂದಿದೆ. ತಾಲ್ಲೂಕಿನ ಒಟ್ಟು ತರಿ ಎಷ್ಟು, ಖುಷ್ಕಿ ಎಷ್ಟು ಎಂದು ಕೇಳುವವನಿಗೆ ಒಂದು ಪಹಣಿಯ ಎಲ್ಲ ಅಂಕಣಗಳೂ ಬೇಡ. ಎಲ್ಲ ಪಹಣಿಗಳ ಒಂದು ಅಂಕಣ ಬೇಕು. ಅಂಥವರಿಗಾಗಿ ಅಂಕಣ ಅಂಕಣವಾಗಿ ಕೂಡಿಸಿಡುವ ಎಂಜಿನುಗಳುಂಟು. ವೈಟ್‌ಫೀಲ್ಡಿನಲ್ಲಿ ದೊಡ್ಡ ಪ್ರಯೋಗಾಲಯವನ್ನಿಟ್ಟಿರುವ ಸ್ಯಾಪ್ ಕಂಪನಿಯ ಹಾನಾ ಎಂಬುದು ಈ ಬಗೆಗೆ ಹೆಸರಾದುದು. ಮೊತ್ತ ಸರಾಸರಿಗಳ ಓದಿಗೆ ಇದು ಬಹಳ ಚೆನ್ನ. ಒಬ್ಬೊಬ್ಬ ರೈತನ ಒಂದೊಂದು ಪಹಣಿಯನ್ನು ಕೊಡುವ ಕಿಟಕಿಗೆ ಇದರ ಅಗತ್ಯವಿಲ್ಲ. ‘ಓದು ಹೆಚ್ಚು’ ಎಂಬ ಒಂದೇ ಮಾತಿನಲ್ಲಿ ಎರಡು ಬೇರೆ ಬೇರೆ ಓದುಗಳು ಅಡಗಿವೆಯೆಂಬುದನ್ನು ಮರೆಯಬಾರದು.

ಹಳೆಯದೊಂದು ಬುದ್ಧಿವಾದ

ಇನ್ನು ವಿಷಯದ ಹೃದಯಕ್ಕೆ ಬರೋಣ. ಮೈಎಸ್‌ಕ್ಯೂಎಲ್ಲನ್ನು ೧೯೯೫ರಲ್ಲಿ ಹೊರತಂದವರಲ್ಲಿ ಮುಖ್ಯರಾದ ಮೈಕೆಲ್ ವಿಡೇನಿಯಸ್ ಎಂಬವರು ತಮ್ಮ ಹಿರಿಯ ಮಗಳು ‘ಮೈ’ ಎಂಬಾಕೆಯ ಹೆಸರನ್ನು ಅದಕ್ಕಿಟ್ಟರು. ೨೦೦೯ರಲ್ಲಿ ಅದರಿಂದ ಕವಲೊಡೆದ ಮರಿಯಾಡಿಬಿಗೆ ಕಿರಿಯ ಮಗಳು ಮರಿಯಾಳ ಹೆಸರು. ಈ ಡೇಟಾಬೇಸಿನ ವಿಶೇಷವೇನೆಂದರೆ, ಒಂದೊಂದು ಕೋಷ್ಟಕಕ್ಕೂ ಬೇಕಾದ ಎಂಜಿನನ್ನು ಆರಿಸಿಕೊಳ್ಳಬಹುದು. ಅವುಗಳಲ್ಲಿ ಎರಡು ಪ್ರಸಿದ್ಧವಾದವು: ಮೈಐಸ್ಯಾಮ್ ಮತ್ತು ಫಿನ್ಲೆಂಡಿನ ಹೈಕಿ ಟೂರಿಯವರು ನಿರ್ಮಿಸಿದ ಇನ್ನೋಡಿಬಿ. ‘ಓದು ಹೆಚ್ಚಿದ್ದರೆ ಮೈಐಸ್ಯಾಮ್, ಬರಹ ಹೆಚ್ಚಿದ್ದರೆ ಇನ್ನೋಡಿಬಿ’ ಎಂಬ ಬುದ್ಧಿವಾದವು ಈ ಕಸುಬಿನಲ್ಲಿ ಬಹುಕಾಲ ನಡೆದುಬಂದಿತು. ಈಗಲೂ ಅಲ್ಲಲ್ಲಿ ಕೇಳಿಬರುತ್ತದೆ.

ಅದಕ್ಕೆ ಆಧಾರವಿಲ್ಲದಿರಲಿಲ್ಲ. ಮೈಐಸ್ಯಾಮ್ ಸರಳವಾದುದು, ಡಿಸ್ಕಿನಲ್ಲಿ ಕಡಿಮೆ ಸ್ಥಳವನ್ನು ಹಿಡಿಯುತ್ತದೆ, ಒಟ್ಟು ದಾಖಲೆಗಳೆಷ್ಟು ಎಂದರೆ ಎಣಿಸದೆ ಹೇಳುತ್ತದೆ. ಮುದ್ರಿತ ಗ್ರಂಥದಂತೆ ಇನ್ನೆಂದೂ ಬದಲಾಗದ ಕೋಷ್ಟಕವಾದರೆ ಅದನ್ನು ಒತ್ತಿ ಮಡಿಸಿ ಓದಿಗೆ ಮಾತ್ರವೆಂದು ಮುದ್ರೆಯೊತ್ತಿಯೂ ಇಡಬಹುದು. ಆದರೆ ಪಹಣಿಯು ಎಂದೂ ಬದಲಾಗದ ಗ್ರಂಥವಲ್ಲ. ಅಪರೂಪಕ್ಕೆ ಬದಲಾಗುವ ಕಡತ. ಈ ‘ಅಪರೂಪಕ್ಕೆ’ ಎಂಬ ಶಬ್ದದಲ್ಲಿಯೇ ಅಪಾಯವಿರುವುದು. ಅದೆಂತೆಂದರೆ:

ಮೊದಲನೆಯದು, ಬೀಗದ ವಿಷಯ. ಮೈಐಸ್ಯಾಮಿನಲ್ಲಿ ಒಂದು ದಾಖಲೆಯನ್ನು ತಿದ್ದಬೇಕಾದರೆ ಇಡೀ ಕೋಷ್ಟಕಕ್ಕೆ ಬೀಗ ಬೀಳುವುದು. ತಿದ್ದುವವನು ಒಳಗಿರುವವರೆಗೆ ಓದುವವರೆಲ್ಲ ಹೊರಗೆ. ತಿದ್ದುಪಡಿ ಕಣ್ಣೆವೆಯಿಕ್ಕುವಷ್ಟರಲ್ಲಿ ಮುಗಿಯುವುದಲ್ಲವೆ ಎಂದರೆ, ಅಲ್ಲಿಯೂ ಒಂದು ತೊಡಕಿದೆ. ಒಬ್ಬನು ಇಡೀ ತಾಲ್ಲೂಕಿನ ವರದಿಯನ್ನು ಕೇಳಿ ಐದು ನಿಮಿಷ ಓದುತ್ತಿದ್ದಾನೆನ್ನಿ. ಆಗ ತಿದ್ದಲು ಬಂದ ಗುಮಾಸ್ತನು ಅವನು ಮುಗಿಸುವ ತನಕ ಕಾಯಬೇಕು. ಬರಹಕ್ಕೆ ಓದಿಗಿಂತ ಮೊದಲ ಮಣೆಯೆಂಬುದು ಈ ಎಂಜಿನಿನ ರೂಢಿಯಾದಕಾರಣ, ಗುಮಾಸ್ತನ ಹಿಂದೆ ಬಂದ ಓದುಗರೆಲ್ಲರೂ ಅವನ ಹಿಂದೆಯೇ ಸಾಲಾಗಿ ನಿಲ್ಲಬೇಕು. ಒಂದು ದೀರ್ಘವಾದ ಓದು, ಒಂದು ಸಣ್ಣ ಬರಹ, ಇವೆರಡು ಸೇರಿದರೆ ಸಾವಿರ ಮಂದಿಗೆ ಬಾಗಿಲು ಮುಚ್ಚಿದಂತೆಯೇ. ಬರಹ ಕಡಿಮೆಯೆಂಬ ಸಮಾಧಾನವು ಇಲ್ಲಿ ಪ್ರಯೋಜನಕ್ಕೆ ಬಾರದು.

ಇನ್ನೋಡಿಬಿಯ ಕ್ರಮ ಬೇರೆ. ಅದು ತಿದ್ದುವ ದಾಖಲೆಗೆ ಮಾತ್ರ ಬೀಗವನ್ನಿಡುತ್ತದೆ. ತಿದ್ದುಪಡಿಯು ಪೂರ್ತಿಯಾಗುವವರೆಗೆ ಓದುವವರಿಗೆ ಹಿಂದಿನ ರೂಪವನ್ನೇ ತೋರಿಸುತ್ತದೆ. ಹಕ್ಕು ಬದಲಾವಣೆಯು ಮಂಜೂರಾಗುವ ತನಕ ಹಳೆಯ ಪಹಣಿಯೇ ಚಾಲ್ತಿಯೆಂಬ ನ್ಯಾಯವಿದು. ಓದುವವನು ಬರೆಯುವವನನ್ನು ತಡೆಯುವುದಿಲ್ಲ. ಬರೆಯುವವನು ಓದುವವನನ್ನು ತಡೆಯುವುದಿಲ್ಲ. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸಿನ ನೀತಿಯೂ ಇದೇ ಬಗೆಯದು.

ಎರಡನೆಯದು, ಅರ್ಧಕ್ಕೆ ನಿಂತ ಬರಹದ ವಿಷಯ. ನಾಲ್ಕು ಎಕರೆಯ ಒಂದು ಸರ್ವೆ ನಂಬರನ್ನು ಅಣ್ಣತಮ್ಮಂದಿರು ಎರಡೆರಡು ಎಕರೆಯಾಗಿ ಹಂಚಿಕೊಂಡರು. ಕಡತದಲ್ಲಿ ಇದು ಎರಡು ಬರಹಗಳು: ಅಣ್ಣನ ಹೆಸರಿನ ನಾಲ್ಕನ್ನು ಎರಡು ಮಾಡಬೇಕು, ತಮ್ಮನ ಹೆಸರಿನಲ್ಲಿ ಎರಡನ್ನು ಹೊಸದಾಗಿ ಬರೆಯಬೇಕು. ಮೊದಲನೆಯದು ಮುಗಿದು ಎರಡನೆಯದು ಆರಂಭವಾಗುವ ಮುನ್ನ ವಿದ್ಯುತ್ತು ಹೋಯಿತು. ನಮ್ಮ ಹೊರವಲಯದಲ್ಲಿ ವಿದ್ಯುತ್ತು ಹೋಗುವುದು ಆಶ್ಚರ್ಯದ ಸಂಗತಿಯೇನಲ್ಲ! ಮೈಐಸ್ಯಾಮಿಗೆ ಎರಡು ಬರಹಗಳನ್ನು ಒಂದೇ ಗಂಟಾಗಿ ಕಟ್ಟುವ ಶಕ್ತಿಯಿಲ್ಲ. ಯಂತ್ರವು ಮತ್ತೆ ಎದ್ದಾಗ ಎರಡು ಎಕರೆ ನೆಲವು ಕಡತದಿಂದಲೇ ಮಾಯವಾಗಿರುವುದು. ಅಷ್ಟೇ ಅಲ್ಲದೆ ಕೋಷ್ಟಕವು ಕೆಟ್ಟಿದೆಯೆಂದು ಗೊತ್ತಾಗಿ, ಅದನ್ನು ದುರಸ್ತಿ ಮಾಡಿಸುವವರೆಗೆ ಬಾಗಿಲು ಮುಚ್ಚಬೇಕಾಗಲೂಬಹುದು. ಕೋಷ್ಟಕ ದೊಡ್ಡದಾದಷ್ಟೂ ಈ ದುರಸ್ತಿಯ ಕಾಲವೂ ದೀರ್ಘ.

ಇನ್ನೋಡಿಬಿಯು ಮೂಲ ಹಾಳೆಗಳನ್ನು ಡಿಸ್ಕಿನಲ್ಲಿ ಬದಲಿಸುವ ಮುನ್ನ, ಮಾಡಬೇಕಾದ ತಿದ್ದುಪಡಿಯನ್ನು ಒಂದು ದಿನಚರಿಯಲ್ಲಿ ಬರೆದಿಡುವುದು. ನಡುವೆ ಯಂತ್ರ ನಿಂತರೆ, ಎದ್ದ ಕೂಡಲೆ ದಿನಚರಿಯನ್ನೋದಿ, ಪೂರ್ತಿಯಾದ ಗಂಟನ್ನು ಉಳಿಸಿ, ಅರ್ಧವಾದುದನ್ನು ಅಳಿಸುವುದು. ಪಾಲು ಪೂರ್ತಿಯಾಗಿ ಆದೀತು, ಇಲ್ಲವೆ ಆಗಲೇ ಇಲ್ಲವೆಂದಾದೀತು, ನಡುವಣ ಸ್ಥಿತಿಯಿಲ್ಲ. ಇಂಥ ದಿನಚರಿಗೆ ತುಸು ಸ್ಥಳವೂ ಶ್ರಮವೂ ಖರ್ಚಾಗುವುದು ನಿಜ. ಆದರೆ ಆ ಖರ್ಚು ಬೀಳುವುದು ಬರಹದ ಮೇಲೆ. ಬರಹವು ಕಡಿಮೆಯಿರುವ ಕಡತದಲ್ಲಿ ಆ ಖರ್ಚೂ ಕಡಿಮೆಯೇ. ಹಳೆಯ ಬುದ್ಧಿವಾದವು ತಲೆಕೆಳಗಾಗುವುದು ಇಲ್ಲಿ. ಓದು ಹೆಚ್ಚಾಗಿ ಬರಹ ಅಪರೂಪವಾಗಿರುವಲ್ಲಿಯೇ ಭದ್ರವಾದ ಎಂಜಿನು ಅತ್ಯಂತ ಅಗ್ಗವಾಗಿ ದೊರೆಯುವುದು.

ಲೋಕವೂ ಈ ದಾರಿಯನ್ನೇ ಹಿಡಿಯಿತು. ೨೦೧೦ರ ಡಿಸೆಂಬರಿನಲ್ಲಿ ಹೊರಬಂದ ಮೈಎಸ್‌ಕ್ಯೂಎಲ್ಲಿನ ೫.೫ನೆಯ ಆವೃತ್ತಿಯಿಂದ, ಕೇಳದಿದ್ದರೆ ಸಿಗುವ ಎಂಜಿನು ಇನ್ನೋಡಿಬಿಯಾಯಿತು. ೨೦೧೮ರ ೮.೦ನೆಯ ಆವೃತ್ತಿಯಲ್ಲಿ ಆ ಡೇಟಾಬೇಸು ತನ್ನ ಸ್ವಂತ ಒಳಲೆಕ್ಕಗಳನ್ನೂ ಮೈಐಸ್ಯಾಮಿನಿಂದ ತೆಗೆದು ಇನ್ನೋಡಿಬಿಗೆ ಒಪ್ಪಿಸಿತು. ೨೦೦೩ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವೂ ಸೇರಿ ಎಲ್ಲ ಭಾಷೆಗಳ ವಿಕಿಪೀಡಿಯಗಳು ಓದು ಹೆಚ್ಚಿರುವ ತಾಣಗಳಿಗೆ ಉತ್ತಮೋತ್ತಮ ಉದಾಹರಣೆಗಳು; ಅವುಗಳ ಲೇಖನಗಳು ಇನ್ನೋಡಿಬಿಯ ಮೇಲೆಯೇ ನಿಂತಿವೆ. ಅವುಗಳ ಮೂಲವಾದ ಮೀಡಿಯಾವಿಕಿ ಎಂಬ ತಂತ್ರಾಂಶದಲ್ಲಿ ಹುಡುಕುವ ಪದಗಳ ಸೂಚಿಗೆ ಮಾತ್ರ ಮೈಐಸ್ಯಾಮನ್ನು ಇಟ್ಟಿದ್ದರು. ಪದಗಳನ್ನು ಹುಡುಕುವ ಸೌಕರ್ಯವು ಇನ್ನೋಡಿಬಿಗೆ ೨೦೧೩ರ ೫.೬ನೆಯ ಆವೃತ್ತಿಯವರೆಗೆ ಇರದಿದ್ದುದೇ ಕಾರಣ. ಸೂಚಿಯು ಕೆಟ್ಟರೆ ಲೇಖನಗಳಿಂದ ಮತ್ತೆ ಕಟ್ಟಬಹುದು. ಲೇಖನವೇ ಕೆಟ್ಟರೆ ಎಲ್ಲಿಂದ ತರುವುದು? ಈ ವಿವೇಕದ ವಿಂಗಡಣೆಯು ಎಲ್ಲರಿಗೂ ಮಾದರಿಯಾಗತಕ್ಕದ್ದು.

ಪ್ರತಿಗಳೂ ಅವುಗಳ ವಯಸ್ಸೂ

ಓದುಗರು ಲಕ್ಷಗಟ್ಟಲೆ ಆದಾಗ ಒಂದೇ ಎಂಜಿನು ಎಷ್ಟು ಚೆನ್ನಾಗಿದ್ದರೂ ಸಾಲದು. ಆಗ ಮೂಲಕಡತದ ಹಲವು ಪ್ರತಿಗಳನ್ನು ಬೇರೆ ಬೇರೆ ಸರ್ವರುಗಳಲ್ಲಿಟ್ಟು ಓದುವವರನ್ನು ಅವುಗಳಿಗೆ ಹಂಚುವರು. ಬಹಳ ಮಂದಿ ಕೇಳುವ ಪುಟಗಳನ್ನು ಸ್ಮೃತಿಯಲ್ಲಿ ಸಿದ್ಧವಾಗಿಟ್ಟು ಕೊಡುವರು. ಇದಕ್ಕೆ ಕ್ಯಾಶೆ ಎನ್ನುವರು. ನಮ್ಮ ತಿಳಿವಳಿಕೆಯಲ್ಲಿ, ಓದಿನ ಭಾರವನ್ನು ಇಳಿಸುವುದಕ್ಕೆ ಎಂಜಿನನ್ನು ಬದಲಿಸುವುದಕ್ಕಿಂತ ಇವೆರಡೇ ಹೆಚ್ಚು ಫಲಕಾರಿ.

ಆದರೆ ಪ್ರತಿಯೆಂದ ಮೇಲೆ ಅದು ಮೂಲಕ್ಕಿಂತ ಕ್ಷಣವಾದರೂ ಹಿಂದಿರುವುದು. ವಿಶ್ವಕೋಶದ ಲೇಖನವು ಅರ್ಧ ಗಳಿಗೆ ಹಳತಾದರೆ ಯಾರಿಗೂ ನಷ್ಟವಿಲ್ಲ. ಪಹಣಿಯ ೧೧ನೆಯ ಅಂಕಣದಲ್ಲಿ ಜಮೀನಿನ ಮೇಲಣ ಋಣವನ್ನು ಬರೆಯುವರು. ಬ್ಯಾಂಕಿನ ಸಾಲವು ಮೂಲದಲ್ಲಿ ದಾಖಲಾಗಿದ್ದು, ಕೊಳ್ಳುವವನು ನೋಡಿದ ಪ್ರತಿಯಲ್ಲಿ ಆ ಅಂಕಣ ಬರಿದಾಗಿದ್ದರೆ, ಅವನ ಜೀವಮಾನದ ಉಳಿತಾಯವು ಸಾಲದ ಮೇಲಿನ ನೆಲಕ್ಕೆ ಸಂದಂತಾಯಿತು. ಆದಕಾರಣ ಯಾವ ಪುಟವು ಎಷ್ಟು ಹಳತಾಗಬಹುದು ಎಂಬುದನ್ನು ಪುಟಪುಟಕ್ಕೂ ಮೊದಲೇ ಗೊತ್ತುಮಾಡಬೇಕು. ಕುತೂಹಲಕ್ಕೆ ಓದುವವನಿಗೆ ಪ್ರತಿ ಸಾಕು. ಹಣವನ್ನು ಎಣಿಸುವವನಿಗೆ ಮೂಲವೇ ಬೇಕು.

ಬೆಂಗಳೂರಿನ ಫ್ಲಿಪ್‌ಕಾರ್ಟ್ ಸಂಸ್ಥೆಯು ೨೦೧೪ರ ಅಕ್ಟೋಬರ್ ೬ರಂದು ನಡೆಯಿಸಿದ ಮಹಾಮಾರಾಟವನ್ನು ಅನೇಕರು ನೆನೆಯಬಹುದು. ಸುಮಾರು ೫,೦೦೦ ಸರ್ವರುಗಳನ್ನು ಹೂಡಿ, ವಾಡಿಕೆಯ ಇಪ್ಪತ್ತು ಪಟ್ಟು ಜನಕ್ಕೆ ಸಿದ್ಧರಾಗಿದ್ದರೂ, ಬಂದವರು ಅದಕ್ಕಿಂತ ಹೆಚ್ಚಾದರೆಂದು ಸಂಸ್ಥಾಪಕರು ಮರುದಿನ ಗ್ರಾಹಕರ ಕ್ಷಮೆಯನ್ನು ಕೋರಿದರು. ಸರಕು ಮುಗಿದುದು, ಆದೇಶಗಳು ರದ್ದಾದುದು, ಬೆಲೆಗಳು ಬದಲಾದುದು ಇವು ಗ್ರಾಹಕರ ದೂರುಗಳಾಗಿದ್ದವು. ಅಂಗಡಿಯೆಂಬುದು ಸಾಮಾನ್ಯವಾಗಿ ಓದುಗರ ತಾಣವೇ; ನೂರು ಮಂದಿ ನೋಡುವರು, ಕೊಳ್ಳುವವರು ಕೆಲವರು. ಆದರೆ ಕೊನೆಯ ಒಂದು ಸರಕಿಗೆ ಹತ್ತು ಮಂದಿ ಕೈಚಾಚುವ ಕ್ಷಣವು ಬರಹದ ಕ್ಷಣ, ಪರೀಕ್ಷೆಯಿರುವುದು ಅಲ್ಲಿ.

ಕೇಳತಕ್ಕ ಪ್ರಶ್ನೆಗಳು

ತಮ್ಮ ವ್ಯಾಪಾರಕ್ಕೋ ಸಂಘಕ್ಕೋ ಪುಸ್ತಕಭಂಡಾರಕ್ಕೋ ಇಂಥ ತಾಣವನ್ನು ಮಾಡಿಸುವವರು, ಮಾಡಿಕೊಡುವವರನ್ನು ಕೇಳಬೇಕಾದ ಐದು ಪ್ರಶ್ನೆಗಳನ್ನು ಸಂಗ್ರಹವಾಗಿ ಹೇಳುವೆವು.

ಒಂದು: ನಮ್ಮ ಕಡತವೆಲ್ಲ ಎಷ್ಟು ಗಿಗಾಬೈಟು? ಅದು ಸರ್ವರಿನ ಸ್ಮೃತಿಯಲ್ಲಿ ಹಿಡಿ‌ಸುವಷ್ಟಿದ್ದರೆ ವೇಗದ ಚರ್ಚೆಯನ್ನು ಅಲ್ಲಿಗೇ ನಿಲ್ಲಿಸಬಹುದು.

ಎರಡು: ಓದುವುದು ಒಂದೊಂದು ದಾಖಲೆಯನ್ನೋ, ಎಲ್ಲದರ ಮೊತ್ತವನ್ನೋ? ಒಂದೊಂದಾದರೆ ಬಿ-ಟ್ರೀ, ಮೊತ್ತವೇ ಮುಖ್ಯವಾದರೆ ಅಂಕಣದ ಎಂಜಿನು.

ಮೂರು: ಒಟ್ಟಿಗೆ ಓದುವ ದಾಖಲೆಗಳು ಒಟ್ಟಿಗೆ ಇವೆಯೆ? ಇನ್ನೋಡಿಬಿಯು ದಾಖಲೆಗಳನ್ನು ಅವುಗಳ ಮುಖ್ಯ ಗುರುತಿನ ಕ್ರಮದಲ್ಲಿಯೇ ಎಲೆಗಳಲ್ಲಿಡುವುದು. ಗ್ರಾಮ, ಸರ್ವೆ ನಂಬರು, ಹಿಸ್ಸಾ ಎಂಬ ಕ್ರಮದಲ್ಲಿ ಗುರುತನ್ನು ಕಟ್ಟಿದರೆ ಒಂದು ಗ್ರಾಮದ ಪಹಣಿಗಳು ಅಕ್ಕಪಕ್ಕದ ಹಾಳೆಗಳಲ್ಲಿ ಬೀಳುವುವು.

ನಾಲ್ಕು: ಬರೆಯುತ್ತಿರುವಾಗ ವಿದ್ಯುತ್ತು ಹೋದರೆ ಏನಾಗುವುದು? ಈ ಪ್ರಶ್ನೆಗೆ ಉತ್ತರವನ್ನು ಬಾಯಲ್ಲಿ ಕೇಳಬಾರದು. ಪರೀಕ್ಷೆಗಾಗಿ ಇಟ್ಟ ಯಂತ್ರದಲ್ಲಿ ಬರಹವು ನಡೆಯುತ್ತಿರುವಾಗಲೇ ತಂತಿಯನ್ನು ಕಿತ್ತು ತೋರಿಸಲು ಹೇಳಬೇಕು.

ಐದು: ಓದುಗನ ಮುಂದಿರುವ ಪುಟವು ಎಷ್ಟು ಹಳತಾಗಿರಬಹುದು, ಹಳತಾದರೆ ನಷ್ಟ ಯಾರಿಗೆ?

ಇವುಗಳಲ್ಲಿ ಮೊದಲ ಮೂರು ಪ್ರಶ್ನೆಗಳು ವೇಗಕ್ಕೆ ಸಂಬಂಧಿಸಿದವು. ಅವುಗಳಲ್ಲಿ ತಪ್ಪಿದರೆ ಓದುಗನು ಕ್ಷಣಕಾಲ ಕಾದಾನು. ಸರ್ವರೊಂದನ್ನು ಹೆಚ್ಚಿಸಿ ಸರಿಪಡಿಸಬಹುದು. ಕೊನೆಯ ಎರಡು ಸತ್ಯಕ್ಕೆ ಸಂಬಂಧಿಸಿದವು. ಅವುಗಳಲ್ಲಿ ತಪ್ಪಿದರೆ ತಮ್ಮನ ಎರಡು ಎಕರೆ ಹೋದೀತು. ಸಾಧಾರಣವಾದ ಓದಿನ ತಾಣಗಳಿಗೆಲ್ಲ ಬಿ-ಟ್ರೀಯನ್ನೂ ದಿನಚರಿಯನ್ನೂ ಉಳ್ಳ ಎಂಜಿನನ್ನೇ, ಎಂದರೆ ಇನ್ನೋಡಿಬಿಯನ್ನೋ ಪೋಸ್ಟ್‌ಗ್ರೆಸ್ಸನ್ನೋ, ಮೊದಲು ಹಿಡಿದು, ಸಾಲದೆಂದು ಅಳತೆಯಿಂದ ಕಂಡ ಮೇಲೆಯೇ ಬೇರೆಯದನ್ನು ಯೋಚಿಸುವುದು ಯುಕ್ತವೆಂದು ನಮ್ಮ ಅಭಿಪ್ರಾಯ. ಆ ಅಳತೆಯನ್ನು ತಮ್ಮ ಸ್ವಂತ ಕಡತದ ಮೇಲೆ, ತಮ್ಮ ಓದುಗರು ನಿಜವಾಗಿ ಕೇಳುವ ಪ್ರಶ್ನೆಗಳಿಂದಲೇ ಮಾಡಿಸಬೇಕು. ಪರರ ಅಂಗಡಿಯ ತಕ್ಕಡಿಯಲ್ಲಿ ನಮ್ಮ ಮನೆಯ ಅಕ್ಕಿಯ ತೂಕವು ತಿಳಿಯದು.